ಯಹೂದಿಗಳ ದೇವರ ಮನೆ ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚ್ಚಿಗೆ ಟೂರ್ ಹೋದವರು ಮಟ್ಟಂಚೇರಿಯ ಹಳೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನೆಯ ಮನೆ, ನೋಡಿಕೊಂಡು ಬರುತ್ತಾರೆ. ಬಂದ ಮೇಲೆ "ನೆಲಕ್ಕೆ ಹಾಕಿದ ಚೀನೀ ಟೈಲ್ಸ್ ಚೆನ್ನಾಗಿತ್ತು, ಆದರೆ ಒಳಗೆ ದೇವರೇ ಇರಲಿಲ್ಲವಲ್ಲ" ಅನ್ನುತ್ತಾರೆ. ಈ ಪುಟದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನಿಂದಲೇ ಹುಟ್ಟಿದವು.

ವಿಗ್ರಹವೇ ಇಲ್ಲ ಅಂದಮೇಲೆ ಪ್ರಾರ್ಥನೆ ಯಾರಿಗೆ?

ಒಬ್ಬನೇ ದೇವರಿಗೆ. ಅವನಿಗೆ ರೂಪವಿಲ್ಲ, ಹೆಂಡತಿ ಮಕ್ಕಳಿಲ್ಲ, ಅವತಾರವಿಲ್ಲ. ಹಾಗಾಗಿ ಮೂರ್ತಿಯನ್ನಾಗಲಿ ಪಟವನ್ನಾಗಲಿ ಇಡುವಂತಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ 'ಶೆಮಾ' ಹೇಳುತ್ತಾರೆ. ಅದರ ಮೊದಲ ಸಾಲು ಇಷ್ಟೇ: ಇಸ್ರಾಯೇಲೇ ಕೇಳು, ನಮ್ಮ ದೇವರು ಕರ್ತನು, ಕರ್ತನು ಒಬ್ಬನೇ. ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಹೇಳುವುದು ರೂಢಿ. ಮಗುವಿಗೆ ಮಾತು ಬಂದ ಕೂಡಲೇ ಕಲಿಸುವುದೂ ಇದನ್ನೇ, ಕೊನೆಯುಸಿರಿನ ಹೊತ್ತಿಗೆ ಬಾಯಲ್ಲಿ ಇರಬೇಕಾದದ್ದೂ ಇದೇ.

ಸಿನಗಾಗ್‌ನಲ್ಲಿ ಎದುರಿಗೆ ಒಂದು ಕಪಾಟು, ಅದಕ್ಕೊಂದು ಪರದೆ ಕಾಣುತ್ತದಲ್ಲ, ಅದರೊಳಗೆ ಇರುವುದು ಅವರ ಧರ್ಮಗ್ರಂಥವಾದ ತೋರಾದ ಸುರುಳಿ. ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆದದ್ದು. ಒಟ್ಟು 3,04,805 ಅಕ್ಷರ. ಒಂದೇ ಒಂದು ಅಕ್ಷರ ಅಳಿಸಿಹೋದರೂ ತಿದ್ದುವ ತನಕ ಆ ಸುರುಳಿಯನ್ನು ಓದುವಂತಿಲ್ಲ. ಅದಕ್ಕೆ ರೇಷ್ಮೆ ಬಟ್ಟೆ ತೊಡಿಸುತ್ತಾರೆ, ಬೆಳ್ಳಿ ಕಿರೀಟ ಇಡುತ್ತಾರೆ. ಓದುವಾಗ ಬೆರಳಿನಿಂದ ಮುಟ್ಟುವುದಿಲ್ಲ, ಬೆಳ್ಳಿಯ ಕಡ್ಡಿ ಹಿಡಿದು ಸಾಲು ತೋರಿಸುತ್ತಾರೆ. ಆದರೂ ಅದು ದೇವರಲ್ಲ, ದೇವರ ಮಾತು. ಈ ವ್ಯತ್ಯಾಸದ ವಿಷಯದಲ್ಲಿ ಅವರು ತುಂಬಾ ಕಟ್ಟುನಿಟ್ಟು.

ಆ ದೇವರಿಗೆ ಹೆಸರಿಲ್ವಾ?

ಇದೆ. ಹೀಬ್ರೂವಿನ ನಾಲ್ಕು ಅಕ್ಷರದ ಹೆಸರು. ಆದರೆ ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಪ್ರಾರ್ಥನೆಯಲ್ಲಿ 'ಅದೋನಾಯ್' ಅನ್ನುತ್ತಾರೆ, ಅಂದರೆ ನನ್ನ ಒಡೆಯ. ಮಾತಿನ ನಡುವೆ ಬಂದರೆ 'ಹಷೆಮ್', ಅಂದರೆ ಬರೀ 'ಆ ಹೆಸರು'. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳದೆ 'ನಮ್ಮನೆಯವರು' ಎಂದು ಜೀವನವಿಡೀ ನಡೆಸಿಬಿಟ್ಟರಲ್ಲ, ಆ ಸಂಕೋಚ ಗೊತ್ತಿದ್ದವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ.

ಈ ಭಯಭಕ್ತಿಯಿಂದ ಮಂಗಳೂರಿಗೂ ಒಂದು ಲಾಭವಾಗಿದೆ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಹರಿಯುವುದಿಲ್ಲ, ಸುಡುವುದಿಲ್ಲ, ಕಸಕ್ಕೆ ಎಸೆಯುವುದಿಲ್ಲ. ಹಳತಾದರೆ 'ಗೆನಿಜಾ' ಎಂಬ ಕೋಣೆಗೆ ಹಾಕುತ್ತಾರೆ, ಆಮೇಲೆ ಹೂಳುತ್ತಾರೆ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಹೂಳುವ ಕೆಲಸ ಹಾಗೇ ಉಳಿದುಹೋಯಿತು. ಶತಮಾನಗಟ್ಟಲೆ ಕಾಗದ ರಾಶಿ ಬಿತ್ತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದರು. ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳೂ ಸಿಕ್ಕವು. ಟ್ಯುನೀಷಿಯಾ ಕಡೆಯ ಈ ಯಹೂದಿ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಹಲವು ವರ್ಷ ಇದ್ದು ಹಿತ್ತಾಳೆ-ಕಂಚಿನ ಕಾರ್ಖಾನೆ ನಡೆಸಿದವನು. ಅಡಿಕೆ, ಮೆಣಸು, ಪಾತ್ರೆ ಪರಡಿಗಳ ಲೆಕ್ಕ ಆ ಕಾಗದಗಳಲ್ಲಿದೆ. 1132ರಲ್ಲಿ ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಇದೆ. ಅವನ ಕಡೆ ದುಡಿಯುತ್ತಿದ್ದ ತುಳುನಾಡಿನ ಬೊಮ್ಮ ಎಂಬವನು ಏಡನ್‌ಗೆ ಹೋಗಿ ವ್ಯಾಪಾರ ಮಾಡಿಕೊಂಡು ಬಂದ ಸಂಗತಿಯೂ ಇದೆ. ಕಾಗದ ಎಸೆಯಬಾರದು ಎಂಬ ಒಂದು ಪದ್ಧತಿ ಇಲ್ಲದಿದ್ದರೆ ಇವರು ಯಾರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಅವರ ಧರ್ಮಗ್ರಂಥ ಬೈಬಲ್ ಅಲ್ವಾ?

ಕ್ರೈಸ್ತರು ಹಳೆಯ ಒಡಂಬಡಿಕೆ ಅನ್ನುವ ಭಾಗ ಇಬ್ಬರಿಗೂ ಸೇರಿದ್ದು. ಯಹೂದಿಗಳು ಅದನ್ನು 'ತನಾಖ್' ಅನ್ನುತ್ತಾರೆ, ಅವರ ಎಣಿಕೆಯಲ್ಲಿ 24 ಪುಸ್ತಕ. ಮೊದಲ ಐದು ಪುಸ್ತಕಗಳೇ ತೋರಾ. ಹೊಸ ಒಡಂಬಡಿಕೆಗೆ ಅಲ್ಲಿ ಜಾಗವಿಲ್ಲ.

ಅದರ ಜೊತೆಗೆ ತಾಲ್ಮುದ್ ಇದೆ. ಸುಮಾರು ಕ್ರಿ.ಶ. 200ರಿಂದ 500ರ ನಡುವೆ ರೂಪ ಪಡೆದ ಚರ್ಚೆಗಳ ಮಹಾಸಾಗರ. ಹೆಚ್ಚಾಗಿ ಓದುವ ಬ್ಯಾಬಿಲೋನಿನ ತಾಲ್ಮುದ್‌ನಲ್ಲಿ 2,711 ಹಾಳೆ. ದಿನಕ್ಕೊಂದರಂತೆ ಓದಿದರೆ ಮುಗಿಯಲು ಏಳೂವರೆ ವರ್ಷ ಬೇಕು. ಲೋಕದ ತುಂಬ ಸಾವಿರಾರು ಜನ ಒಂದೇ ದಿನ ಒಂದೇ ಹಾಳೆ ಓದುತ್ತಾ ಹೋಗುತ್ತಾರೆ. ಅದರ ಸೊಗಸು ಇರುವುದು ಜಗಳದಲ್ಲಿ. ಒಬ್ಬ ರಬ್ಬಿ, ಅಂದರೆ ಧರ್ಮದ ಗುರು, ಹೀಗೆ ಅಂದ, ಇನ್ನೊಬ್ಬ ಹಾಗಲ್ಲ ಅಂದ, ಎರಡೂ ದಾಖಲು. ಸೋತವನ ವಾದವನ್ನೂ ಅಳಿಸುವುದಿಲ್ಲ.

ಅದರಲ್ಲೊಂದು ಕಥೆ ನನಗೆ ತುಂಬಾ ಇಷ್ಟ. ಒಂದು ಮಣ್ಣಿನ ಒಲೆ ಶುದ್ಧವೋ ಅಶುದ್ಧವೋ ಎಂದು ವಾದ ಎದ್ದಿದೆ. ರಬ್ಬಿ ಎಲಿಯೇಜರ್ ಒಬ್ಬರೇ ಒಂದು ಕಡೆ, ಮಿಕ್ಕವರೆಲ್ಲ ಇನ್ನೊಂದು ಕಡೆ. "ನಾನು ಹೇಳಿದ್ದೇ ಸರಿಯಾದರೆ ಈ ಮರ ಸಾಕ್ಷಿ ಹೇಳಲಿ" ಅನ್ನುತ್ತಾರೆ. ಮರ ಕಿತ್ತುಕೊಂಡು ದೂರ ಹೋಗಿ ನಿಲ್ಲುತ್ತದೆ. "ಮರದಿಂದ ಏನು ಸಾಕ್ಷಿ?" ಅನ್ನುತ್ತಾರೆ ಮಿಕ್ಕವರು. ಕಾಲುವೆ ಹಿಂದಕ್ಕೆ ಹರಿಯುತ್ತದೆ. ಊಹೂಂ. ಕೊನೆಗೆ ಆಕಾಶವಾಣಿಯೇ ಆಗುತ್ತದೆ: ಎಲಿಯೇಜರ್ ಹೇಳಿದ್ದೇ ಸರಿ! ಆಗ ರಬ್ಬಿ ಯೆಹೋಶುವ ಎದ್ದು ನಿಂತು "ತೋರಾ ಈಗ ಆಕಾಶದಲ್ಲಿಲ್ಲ" ಅನ್ನುತ್ತಾರೆ. ಕೊಟ್ಟಾಗಿದೆ, ಇನ್ನು ತೀರ್ಮಾನ ನಮ್ಮದು ಎಂದು ಅರ್ಥ. ದೇವರು ನಕ್ಕು "ನನ್ನ ಮಕ್ಕಳು ನನ್ನನ್ನೇ ಸೋಲಿಸಿದರು" ಅಂದನಂತೆ.

ಯಹೂದಿಯಾಗಲು ಏನೇನು ನಂಬಬೇಕು?

12ನೇ ಶತಮಾನದಲ್ಲಿ ಮೈಮೊನಿಡಿಸ್ ಎಂಬ ಪಂಡಿತ 13 ನಂಬಿಕೆಗಳ ಪಟ್ಟಿ ಮಾಡಿದ. ದೇವರು ಒಬ್ಬನೇ, ಅವನಿಗೆ ದೇಹವಿಲ್ಲ, ಮೋಶೆ ದೊಡ್ಡ ಪ್ರವಾದಿ, ಮೆಸ್ಸಾಯ ಎಂಬ ಉದ್ಧಾರಕ ಬರುತ್ತಾನೆ, ಸತ್ತವರು ಎದ್ದು ಬರುತ್ತಾರೆ, ಹೀಗೆ. ಅದನ್ನು ಈಗಲೂ ಹಾಡುತ್ತಾರೆ. ಆದರೆ ಆ ಪಟ್ಟಿಯ ಮೇಲೂ ಜಗಳ ಆಗದೆ ಇರಲಿಲ್ಲ.

ಇಲ್ಲಿ ನಂಬಿಕೆಗಿಂತ ನಡವಳಿಕೆಯ ಪಟ್ಟಿ ಉದ್ದ. ತೋರಾದಲ್ಲಿ 613 ಆಜ್ಞೆಗಳಿವೆ ಎಂದು ಲೆಕ್ಕ. 248 'ಮಾಡು', 365 'ಮಾಡಬೇಡ'. ಅವುಗಳಲ್ಲಿ ಎಷ್ಟೋ ದೇವಾಲಯದ ಬಲಿಗೆ ಸಂಬಂಧಿಸಿದ್ದು, ಈಗ ಪಾಲಿಸಲು ಆಗುವುದೇ ಇಲ್ಲ.

ಒಬ್ಬ ಆಸಾಮಿ ಬಂದು "ನಾನು ಒಂಟಿ ಕಾಲಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ ಇಡೀ ತೋರಾ ಕಲಿಸು" ಎಂದು ಹಿಲ್ಲೆಲ್ ಎಂಬ ಗುರುವನ್ನು ಕೇಳಿದನಂತೆ. "ನಿನಗೆ ಯಾವುದು ಆಗಿಬರುವುದಿಲ್ಲವೋ ಅದನ್ನು ಇನ್ನೊಬ್ಬನಿಗೆ ಮಾಡಬೇಡ. ಮಿಕ್ಕಿದ್ದೆಲ್ಲ ವಿವರಣೆ. ಹೋಗಿ ಕಲಿ." ಮೊದಲ ವಾಕ್ಯವನ್ನು ಎಲ್ಲರೂ ಹೇಳುತ್ತಾರೆ. ಕೊನೆಯ ಎರಡು ಪದವನ್ನು ಬಿಟ್ಟುಬಿಡುತ್ತಾರೆ.

ಸಿನಗಾಗ್ ಅವರ ದೇವಸ್ಥಾನ ಅಲ್ವಾ?

ಅಲ್ಲ. ಅವರಿಗೆ ದೇವಾಲಯ ಅಂತ ಇದ್ದದ್ದು ಒಂದೇ, ಜೆರುಸಲೇಮಿನಲ್ಲಿ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಸುಟ್ಟರು. ಅಲ್ಲಿಗೆ ಬಲಿಪೀಠ ಹೋಯಿತು, ಪುರೋಹಿತರ ಕೆಲಸವೂ ಹೋಯಿತು. ಸಿನಗಾಗ್ ಅಂದರೆ ಸೇರುವ ಮನೆ, ಓದುವ ಮನೆ. ರಬ್ಬಿ ಅಂದರೆ ಮೇಷ್ಟ್ರು, ಪೂಜಾರಿಯಲ್ಲ. ಹತ್ತು ಜನ ಸೇರಿದರೆ ಸಾಕು, ಯಾವ ಕೋಣೆಯಲ್ಲಾದರೂ ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ. ಸಂಪ್ರದಾಯಸ್ಥರಲ್ಲಿ ಹತ್ತೂ ಜನ ಗಂಡಸರೇ ಆಗಿರಬೇಕು, ಬೇರೆ ಪಂಗಡಗಳಲ್ಲಿ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ.

ಹಾಗಾದರೆ ದೇವಾಲಯ ಎಲ್ಲಿ ಹೋಯಿತು? ಮನೆಗೆ ಬಂತು ಅನ್ನಬೇಕು. ಊಟದ ಮೇಜೇ ಈಗ ಬಲಿಪೀಠ ಎಂದು ತಾಲ್ಮುದ್ ಹೇಳುತ್ತದೆ. ದೇವಾಲಯದ ನೈವೇದ್ಯಕ್ಕೆ ಉಪ್ಪು ಹಾಕುತ್ತಿದ್ದರು, ಅದಕ್ಕೇ ಮನೆಯಲ್ಲಿ ಬ್ರೆಡ್ಡನ್ನು ಉಪ್ಪಿಗೆ ಅದ್ದಿ ತಿನ್ನುತ್ತಾರೆ. ಬಾಗಿಲ ಬಲಗಡೆಯ ಚೌಕಟ್ಟಿಗೆ 'ಮೆಜುಜಾ' ಎಂಬ ಸಣ್ಣ ಡಬ್ಬಿ ಹೊಡೆದಿರುತ್ತಾರೆ, ಒಳಗೆ ಶೆಮಾ ಬರೆದ ಚರ್ಮದ ಚೂರು. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ನಮ್ಮವರು ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಹಾಗೆ. ಹೊಸ ಮನೆ ಕಟ್ಟಿದರೆ ಒಂದು ಮೊಳ ಗೋಡೆಗೆ ಗಾರೆ ಮಾಡದೆ ಬಿಡುವ ಪದ್ಧತಿಯೂ ಇದೆ, ಕೆಡವಿದ ದೇವಾಲಯದ ನೆನಪಿಗೆ.

ಶನಿವಾರ ಏನೂ ಮಾಡಬಾರದಂತೆ, ಹೌದಾ?

ಹೌದು, ಆದರೆ ಅದು ಸೋಮಾರಿತನದ ದಿನವಲ್ಲ. ಅವರ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಶಬ್ಬತ್ ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವ ತನಕ. ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ನಿಲ್ಲಿಸಿದ, ನಾವೂ ನಿಲ್ಲಿಸಬೇಕು ಎಂಬುದು ತಿರುಳು. ನಿಲ್ಲಿಸಬೇಕಾದ ಕೆಲಸಗಳಲ್ಲಿ 39 ಬಗೆ. ಉಳುವುದು, ಬಿತ್ತುವುದು, ನೇಯುವುದು, ಬರೆಯುವುದು, ಅಳಿಸುವುದು, ಬೆಂಕಿ ಹಚ್ಚುವುದು, ಆರಿಸುವುದು. ಸ್ವಿಚ್ ಒತ್ತುವುದೂ ಸಲ್ಲದು ಎಂದು ಸಂಪ್ರದಾಯಸ್ಥರು ತೀರ್ಮಾನಿಸಿದ್ದಾರೆ. ಕಾರು ಓಡಿಸುವುದಿಲ್ಲ, ಫೋನ್ ಮುಟ್ಟುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ದೀಪಗಳಿಗೆ ಟೈಮರ್ ಇಟ್ಟಿರುತ್ತಾರೆ. ಇಸ್ರೇಲಿನ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ತಾನಾಗಿಯೇ ಪ್ರತಿ ಮಹಡಿಯಲ್ಲೂ ನಿಂತು ಹೋಗುತ್ತದೆ, ಗುಂಡಿ ಒತ್ತುವಂತಿಲ್ಲವಲ್ಲ!

ಶುಕ್ರವಾರ ಮಧ್ಯಾಹ್ನ ಅಂಥ ಮನೆಗಳಲ್ಲಿ ಹಬ್ಬದ ಹಿಂದಿನ ದಿನದ ಗಡಿಬಿಡಿ ಇರುತ್ತದೆ. ಅಡುಗೆ ಮುಗಿಯಬೇಕು, ಸ್ನಾನ ಆಗಬೇಕು. ಸೂರ್ಯ ಮುಳುಗಲು 18 ನಿಮಿಷ ಇರುವಾಗ ಮನೆಯೊಡತಿ ಎರಡು ದೀಪ ಹಚ್ಚುತ್ತಾಳೆ. ಜ್ವಾಲೆಯ ಮೇಲೆ ಕೈಯಾಡಿಸಿ, ಕಣ್ಣು ಮುಚ್ಚಿಕೊಂಡು ಮಂತ್ರ ಹೇಳುತ್ತಾಳೆ. ಅಪ್ಪ ಅಮ್ಮ ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸುತ್ತಾರೆ. ಆಮೇಲೆ ದ್ರಾಕ್ಷಾರಸ, ಜಡೆಯಂತೆ ಹೆಣೆದ ಎರಡು ಬ್ರೆಡ್ಡು, ಹಾಡು, ಉದ್ದನೆಯ ಊಟ. ಶನಿವಾರ ಒಲೆ ಹಚ್ಚುವಂತಿಲ್ಲ, ಆದರೆ ಬಿಸಿ ಊಟ ಬೇಕು. ಅದಕ್ಕೆ ಕಾಳು, ಮಾಂಸ, ಆಲೂಗಡ್ಡೆ ಹಾಕಿದ ಪಾತ್ರೆಯನ್ನು ಶುಕ್ರವಾರವೇ ಸಣ್ಣ ಉರಿಯ ಮೇಲಿಟ್ಟು ರಾತ್ರಿಯಿಡೀ ಬೇಯಲು ಬಿಡುತ್ತಾರೆ. ಪೋಲೆಂಡಿನವರು 'ಚೋಲೆಂಟ್' ಅಂದರು, ಅರಬ್ ನಾಡಿನವರು 'ಹಮೀನ್' ಅಂದರು. ಶನಿವಾರ ರಾತ್ರಿ ಲವಂಗ, ದಾಲ್ಚಿನ್ನಿಯ ವಾಸನೆ ನೋಡಿ, ಹಲವು ಬತ್ತಿಯ ಮೇಣದ ಬತ್ತಿ ಹಚ್ಚಿ ಶಬ್ಬತ್ತನ್ನು ಬೀಳ್ಕೊಡುತ್ತಾರೆ. ಲವಂಗ ಎಷ್ಟೋ ಕಾಲ ನಮ್ಮ ಕಡಲ ದಾರಿಯಿಂದಲೇ ಅವರ ಮನೆ ಸೇರಿದ್ದು ಅನ್ನುವುದು ಬೇರೆ ಮಾತು.

ಯಾರಿಗಾದರೂ ಹುಷಾರಿಲ್ಲದೆ ಜೀವಕ್ಕೆ ಅಪಾಯವಾದರೆ ಈ ಯಾವ ನಿಯಮವೂ ಇಲ್ಲ. ಆಂಬುಲೆನ್ಸ್ ಕರೆಯಲೇಬೇಕು. ಕರೆಯದಿದ್ದರೆ ಅದೇ ತಪ್ಪು.

ಕೋಷರ್ ಅಂದರೆ ಏನು? ನಮ್ಮ ಸಸ್ಯಾಹಾರ ಅವರಿಗೆ ನಡೆಯುತ್ತಾ?

ಕೋಷರ್ ಅಂದರೆ 'ಯೋಗ್ಯ'. ಪ್ರಾಣಿಯಾದರೆ ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ದನ, ಕುರಿ, ಆಡು ಸರಿ. ಹಂದಿಗೆ ಗೊರಸು ಸೀಳಿದ್ದರೂ ಮೆಲುಕಿಲ್ಲ, ಹಾಗಾಗಿ ಬೇಡ. ಮೀನಿಗೆ ರೆಕ್ಕೆಯೂ ಇರಬೇಕು, ಪೊರೆಯೂ ಇರಬೇಕು. ಕರಾವಳಿಯವರಿಗೆ ಹೇಳುವುದಾದರೆ ಬೂತಾಯಿ, ಬಂಗುಡೆ ಆಗುತ್ತದೆ. ಸಿಗಡಿ, ಏಡಿ, ಮರುವಾಯಿ ಆಗುವುದಿಲ್ಲ. ಪ್ರಾಣಿಯನ್ನು ತರಬೇತಾದವರು ನಡುವೆ ನಿಲ್ಲಿಸದೆ ಕುಯ್ಯಬೇಕು. ರಕ್ತ ತಿನ್ನಬಾರದು, ಅದಕ್ಕೆ ಮಾಂಸವನ್ನು ನೆನೆಸಿ, ಉಪ್ಪು ಹಚ್ಚಿಟ್ಟು, ತೊಳೆಯುತ್ತಾರೆ.

"ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ" ಎಂದು ತೋರಾ ಮೂರು ಸಲ ಹೇಳುತ್ತದೆ. ಇದೊಂದು ಸಾಲಿನಿಂದ ಇಡೀ ಅಡುಗೆಮನೆ ಎರಡು ಭಾಗವಾಗಿದೆ. ಹಾಲಿನದ್ದಕ್ಕೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ. ತಟ್ಟೆ ಚಮಚವೂ ಬೇರೆ, ಅನುಕೂಲವಿದ್ದರೆ ಸಿಂಕೂ ಬೇರೆ. ಮಾಂಸ ತಿಂದ ಮೇಲೆ ಹಾಲು ಕುಡಿಯಲು ಕೆಲವರು ಆರು ಗಂಟೆ ಕಾಯುತ್ತಾರೆ, ಕೆಲವರು ಮೂರು, ನೆದರ್ಲೆಂಡ್ಸ್‌ನವರು ಒಂದೇ ಗಂಟೆ. ಮಡಿ-ಮೈಲಿಗೆ, ಮುಸುರೆ ಕಂಡ ಮನೆಯಲ್ಲಿ ಬೆಳೆದವರಿಗೆ ಈ ಶಿಸ್ತು ತಟ್ಟನೆ ಅರ್ಥವಾಗುತ್ತದೆ. ಭಾರತದ ಯಹೂದಿಗಳು ಇದಕ್ಕೆ ಸುಲಭದ ದಾರಿ ಕಂಡುಕೊಂಡರು. ಮಾಂಸದ ಸಾರಿಗೆ ಮೊಸರಿನ ಬದಲು ತೆಂಗಿನ ಹಾಲು.

ಸಸ್ಯಾಹಾರ ಬಹುಮಟ್ಟಿಗೆ ನಡೆಯುತ್ತದೆ. ಆದರೆ ಕಟ್ಟುನಿಟ್ಟಿನವರು ಪಾತ್ರೆಯಲ್ಲಿ ಮುಂಚೆ ಏನು ಬೆಂದಿತ್ತು, ಸೊಪ್ಪಿನಲ್ಲಿ ಹುಳು ನೋಡಿದ್ದೀರಾ ಎಂದು ಕೇಳುತ್ತಾರೆ. ಚೀಸ್ ಆದರೆ ಇನ್ನೂ ಹತ್ತು ಪ್ರಶ್ನೆ. ಅಂಥ ಅತಿಥಿ ಬಂದರೆ ಸಿಪ್ಪೆ ಸುಲಿಯುವ ಹಣ್ಣು ಕೊಟ್ಟುಬಿಡಿ, ಇಬ್ಬರಿಗೂ ಮುಜುಗರವಿಲ್ಲ.

ಹಬ್ಬಗಳು ಯಾವುವು? ಪ್ರತಿ ವರ್ಷ ದಿನಾಂಕ ಯಾಕೆ ಬದಲಾಗುತ್ತೆ?

ಅವರದ್ದೂ ನಮ್ಮ ಪಂಚಾಂಗದ ಹಾಗೆ ಚಂದ್ರನ ತಿಂಗಳು, ಸೂರ್ಯನ ವರ್ಷ. ಹೊಂದಿಸಲು 19 ವರ್ಷದಲ್ಲಿ ಏಳು ಅಧಿಕಮಾಸ. ನಮ್ಮಲ್ಲಿ ಅಧಿಕಮಾಸ ಬೇರೆ ಬೇರೆ ತಿಂಗಳಿಗೆ ಬರುತ್ತದೆ, ಅವರಲ್ಲಿ ಯಾವಾಗಲೂ 'ಅದಾರ್' ತಿಂಗಳೇ ಎರಡು ಸಲ.

ಮನೆಮನೆಯ ಹಬ್ಬ ಅಂದರೆ ಪೆಸಾಹ್, ಕನ್ನಡ ಬೈಬಲಿನ ಪಸ್ಕ. ಯುಗಾದಿಯ ಆಸುಪಾಸಿನ ಹುಣ್ಣಿಮೆಗೆ ಬರುತ್ತದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪು. ಹಿಟ್ಟು ಹುಳಿ ಬರಲೂ ಸಮಯವಿಲ್ಲದೆ ಹೊರಟರಂತೆ. ಅದಕ್ಕೆ ಏಳು ದಿನ, ಇಸ್ರೇಲಿನ ಹೊರಗೆ ಎಂಟು ದಿನ, ಹುಳಿ ಬಂದ ಹಿಟ್ಟಿನದು ಯಾವುದೂ ಮನೆಯಲ್ಲಿ ಇರಕೂಡದು. ವಾರಗಟ್ಟಲೆ ಮೊದಲೇ ಧೂಳು ಹೊಡೆದು ಮೂಲೆಮೂಲೆ ಗುಡಿಸುತ್ತಾರೆ. ತಿನ್ನುವುದು 'ಮತ್ಸಾ' ಎಂಬ ಗರಿಗರಿ ರೊಟ್ಟಿ. ನೀರು ಹಿಟ್ಟು ಬೆರೆಸಿದ 18 ನಿಮಿಷದೊಳಗೆ ಅದು ಬೆಂದಿರಬೇಕು. ಅಕ್ಕಿಯ ವಿಷಯದಲ್ಲಿ ಮಾತ್ರ ಭೇದ: ಯುರೋಪಿನ ಅಶ್ಕೆನಾಜಿಗಳು ತಿನ್ನುವುದಿಲ್ಲ, ಭಾರತದವರು ಅನ್ನ ಬಿಟ್ಟು ಹೇಗೆ ಇರುತ್ತಾರೆ?

ಮೊದಲ ರಾತ್ರಿಯ ಊಟಕ್ಕೆ 'ಸೆದೆರ್' ಎಂದು ಹೆಸರು. ಮನೆಯ ಅತಿ ಚಿಕ್ಕ ಮಗು ಎದ್ದು "ಈ ರಾತ್ರಿ ಬೇರೆ ರಾತ್ರಿಗಳಂತಲ್ಲ, ಯಾಕೆ?" ಎಂದು ಕೇಳಬೇಕು. ಉತ್ತರವಾಗಿ ಇಡೀ ಕಥೆ. ಗುಲಾಮಗಿರಿಯ ನೆನಪಿಗೆ ಕಹಿ ಸೊಪ್ಪು, ಕಣ್ಣೀರಿಗೆ ಉಪ್ಪುನೀರು, ಇಟ್ಟಿಗೆಯ ಗಾರೆಯ ನೆನಪಿಗೆ ಸಿಹಿ ಗೊಜ್ಜು. ಭಾರತದವರು ಇದನ್ನು ಖರ್ಜೂರದಲ್ಲಿ ಮಾಡುತ್ತಾರೆ. ಕಹಿಯನ್ನು ಸಿಹಿಗೆ ಅದ್ದಿ ತಿನ್ನುವಾಗ ನಮ್ಮ ಬೇವು ಬೆಲ್ಲ ನೆನಪಾಗದೆ ಇರುವುದಿಲ್ಲ. ಈಜಿಪ್ಟಿನವರಿಗೆ ಬಂದ ಹತ್ತು ಪೀಡೆಗಳನ್ನು ಹೇಳುವಾಗ ಒಂದೊಂದಕ್ಕೆ ಒಂದೊಂದು ಹನಿ ದ್ರಾಕ್ಷಾರಸ ಲೋಟದಿಂದ ತೆಗೆಯುತ್ತಾರೆ. ಶತ್ರುವಿನ ನೋವಿಗೂ ನಮ್ಮ ಲೋಟ ಅಷ್ಟು ಕಡಿಮೆಯಾಗಬೇಕು ಎಂದು ವಿವರಣೆ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹೊಸ ವರ್ಷ ರೋಷ್ ಹಷಾನಾ, ಟಗರಿನ ಕೊಂಬು ಊದುತ್ತಾರೆ, ಸೇಬನ್ನು ಜೇನಿಗೆ ಅದ್ದಿ ತಿನ್ನುತ್ತಾರೆ. ಹತ್ತನೇ ದಿನ ಯೋಮ್ ಕಿಪ್ಪುರ್, ಸುಮಾರು 25 ಗಂಟೆ ನೀರೂ ಮುಟ್ಟದ ಉಪವಾಸ. ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾನೆ, ಪಕ್ಕದ ಮನೆಯವರಿಗೆ ಮಾಡಿದ್ದಕ್ಕೆ ಅವರನ್ನೇ ಹೋಗಿ ಕೇಳಬೇಕು. ಸುಕ್ಕೋತ್‌ನಲ್ಲಿ ಸೊಪ್ಪಿನ ಚಪ್ಪರ ಹಾಕಿ ಅದರಡಿ ಊಟ, ಮೇಲೆ ನಕ್ಷತ್ರ ಕಾಣಬೇಕು. ಹನುಕ್ಕಾಗೆ ಎಂಟು ರಾತ್ರಿ ದೀಪ ಮತ್ತು ಎಣ್ಣೆಯಲ್ಲಿ ಕರಿದ ತಿಂಡಿ. ಅದನ್ನು 'ಯಹೂದಿಗಳ ದೀಪಾವಳಿ' ಅನ್ನುವವರಿದ್ದಾರೆ, ಆದರೆ ಶಬ್ಬತ್ತಿನ ಮುಂದೆ ಅದು ಸಣ್ಣ ಹಬ್ಬ.

ಹುಟ್ಟು, ಮದುವೆ, ಸಾವಿನ ಪದ್ಧತಿ ಹೇಗೆ?

ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ, ಆಗಲೇ ಹೆಸರು. 13 ವರ್ಷಕ್ಕೆ ಹುಡುಗ 'ಬಾರ್ ಮಿತ್ಸ್ವಾ', ತೋರಾ ಓದುವ ಹಕ್ಕು ಮತ್ತು ಹೊಣೆ ಎರಡೂ ಅವನಿಗೆ. ಹುಡುಗಿಗೆ 12.

ಮದುವೆ ನಾಲ್ಕು ಕೋಲಿನ ಮೇಲ್ಕಟ್ಟಿನ ಕೆಳಗೆ. 'ಕೆತುಬಾ' ಎಂಬ ಕರಾರು ಪತ್ರ ಓದುತ್ತಾರೆ. ಗಂಡ ಹೆಂಡತಿಗೆ ಏನೇನು ಕೊಡಬೇಕು, ಬಿಟ್ಟರೆ ಎಷ್ಟು ಕೊಡಬೇಕು ಎಲ್ಲ ಅದರಲ್ಲಿರುತ್ತದೆ. ಕೊನೆಗೆ ಮದುಮಗ ಗಾಜಿನ ಲೋಟ ತುಳಿದು ಒಡೆಯುತ್ತಾನೆ. ಸಂತೋಷದಲ್ಲೂ ಜೆರುಸಲೇಮಿನ ನೆನಪು. ನಮ್ಮ ಕಡೆಯವರಿಗೆ ಇದು ಅಪಶಕುನ ಅನಿಸಬಹುದು, ಅವರು 'ಮಾಜಲ್ ತೋವ್' ಎಂದು ಕೂಗಿ ಕುಣಿಯುತ್ತಾರೆ.

ಸಾವಾದರೆ ಬೇಗ ಮಣ್ಣು ಮಾಡಬೇಕು. ಸುಡುವುದು ಸಂಪ್ರದಾಯದಲ್ಲಿಲ್ಲ. ಬಡವ ಬಲ್ಲಿದ ಎಲ್ಲರಿಗೂ ಒಂದೇ ಬಿಳಿ ಬಟ್ಟೆ, ಅದಕ್ಕೆ ಜೇಬಿಲ್ಲ. ಆಮೇಲೆ ಏಳು ದಿನ 'ಶಿವಾ'. ಮನೆಯವರು ಕೆಳಗೆ ಅಥವಾ ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾರೆ, ಕನ್ನಡಿಗೆ ಬಟ್ಟೆ ಮುಚ್ಚುತ್ತಾರೆ. ನೆಂಟರು ನೆರೆಯವರು ಊಟ ತರುತ್ತಾರೆ. ಬಂದವರು ಮೊದಲು ಮಾತಾಡಬಾರದು, ದುಃಖದಲ್ಲಿರುವವರು ಬಾಯಿ ತೆರೆಯುವ ತನಕ ಸುಮ್ನೆ ಕೂತಿರಬೇಕು. ಇದು ನಾವೂ ಕಲಿಯಬೇಕಾದ್ದು ಅನಿಸುತ್ತದೆ. ಮಕ್ಕಳು 11 ತಿಂಗಳು ಸತ್ತವರಿಗಾಗಿ 'ಕದ್ದಿಷ್' ಎಂಬ ಪ್ರಾರ್ಥನೆ ಹೇಳುತ್ತಾರೆ. 12 ಯಾಕಲ್ಲ? ಕೆಟ್ಟವರು ನರಕದಲ್ಲಿ 12 ತಿಂಗಳು ಇರಬೇಕಂತೆ. ಪೂರ್ತಿ ಹೇಳಿದರೆ ಅಪ್ಪನನ್ನೋ ಅಮ್ಮನನ್ನೋ ಕೆಟ್ಟವರು ಅಂದಹಾಗೆ ಆಗುತ್ತದಲ್ಲ!

ಪುನರ್ಜನ್ಮ ನಂಬುತ್ತಾರಾ?

ತೋರಾದಲ್ಲಿ ಸತ್ತ ಮೇಲಿನ ಮಾತು ತೀರಾ ಕಡಿಮೆ. ಮೆಸ್ಸಾಯನ ಕಾಲದಲ್ಲಿ ಸತ್ತವರು ಏಳುತ್ತಾರೆ ಎಂಬುದು ಸಂಪ್ರದಾಯದ ನಂಬಿಕೆ. ಆದರೆ ಕಬ್ಬಾಲಾ ಎಂಬ ಅನುಭಾವಿ ಪಂಥದಲ್ಲಿ 'ಗಿಲ್ಗುಲ್' ಎಂದು ಆತ್ಮ ಮತ್ತೆ ಹುಟ್ಟುವ ಮಾತು ಇದೆ. 16ನೇ ಶತಮಾನದಲ್ಲಿ ಸಫೇದ್ ಊರಿನ ಐಸಾಕ್ ಲೂರಿಯಾರ ಶಿಷ್ಯರು ಅದನ್ನು ಬೆಳೆಸಿದರು. ಎಲ್ಲರೂ ಒಪ್ಪುವುದಿಲ್ಲ.

ಏಸುವನ್ನು ಯಾಕೆ ಒಪ್ಪುವುದಿಲ್ಲ? ಮತಾಂತರ ಮಾಡುತ್ತಾರಾ?

ಮೆಸ್ಸಾಯ ಬಂದರೆ ಯುದ್ಧ ನಿಲ್ಲಬೇಕು, ಚದುರಿದವರು ಒಂದಾಗಬೇಕು. ಅದಿನ್ನೂ ಆಗಿಲ್ಲ, ಹಾಗಾಗಿ ಕಾಯುತ್ತಿದ್ದಾರೆ. ದೇವರು ಮನುಷ್ಯನಾಗುವುದನ್ನೂ ಒಪ್ಪುವುದಿಲ್ಲ. ಇನ್ನು ಮತಾಂತರಕ್ಕೆ ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಮೂರು ಸಲ ವಾಪಸ್ ಕಳಿಸುವ ರೂಢಿಯಿದೆ. ಆದರೂ ಹಟ ಹಿಡಿದರೆ ಓದಿಸಿ, ಮೂವರ ಪೀಠದ ಮುಂದೆ ನಿಲ್ಲಿಸಿ, 'ಮಿಕ್ವೆ' ಎಂಬ ಕೊಳದಲ್ಲಿ ಮುಳುಗಿಸಿ ಸೇರಿಸಿಕೊಳ್ಳುತ್ತಾರೆ. ಗಂಡಸಾದರೆ ಸುನ್ನತಿಯೂ ಆಗಬೇಕು. ಹುಟ್ಟಿನಿಂದ ಯಹೂದಿ ಅನ್ನಲು ಸಂಪ್ರದಾಯದಲ್ಲಿ ತಾಯಿ ಯಹೂದಿಯಾಗಿರಬೇಕು.

ಕಪ್ಪು ಕೋಟು, ಕಪ್ಪು ಟೋಪಿ ಎಲ್ಲರೂ ಹಾಕುತ್ತಾರಾ?

ಇಲ್ಲ. ಅದು ಪೂರ್ವ ಯುರೋಪಿನ ಹಳೇ ಉಡುಪು, ತೀರಾ ಕಟ್ಟುನಿಟ್ಟಿನ ಹರೇದಿ ಪಂಗಡಗಳು ಬಿಡದೆ ಉಳಿಸಿಕೊಂಡಿವೆ. ರಿಫಾರ್ಮ್ ಎಂಬ ಉದಾರ ಪಂಗಡದಲ್ಲಿ ಹೆಂಗಸರೂ ರಬ್ಬಿಗಳು. ಧರ್ಮವನ್ನೇ ಪಾಲಿಸದೆ 'ನಾನು ಯಹೂದಿ' ಅನ್ನುವವರೂ ಲೆಕ್ಕವಿಲ್ಲದಷ್ಟು. ಲೋಕದಲ್ಲಿ ಒಟ್ಟು ಸುಮಾರು ಒಂದೂವರೆ ಕೋಟಿ ಜನ, ಹೆಚ್ಚಿನವರು ಇಸ್ರೇಲ್ ಮತ್ತು ಅಮೆರಿಕದಲ್ಲಿ.

ನಮ್ಮ ದೇಶದ ಯಹೂದಿಗಳು ಯಾರು?

ಮೂರು ಮುಖ್ಯ ಗುಂಪು. ಕೊಚ್ಚಿಯವರು, ಕೊಂಕಣದ ಬೆನೆ ಇಸ್ರಾಯೇಲರು, ಬ್ರಿಟಿಷರ ಕಾಲದಲ್ಲಿ ಮುಂಬೈ, ಕೋಲ್ಕತ್ತಕ್ಕೆ ಬಂದ ಬಾಗ್ದಾದಿಗಳು. 1971ರ ಢಾಕಾ ಶರಣಾಗತಿಯಲ್ಲಿ ದೊಡ್ಡ ಪಾತ್ರ ವಹಿಸಿದ ಜನರಲ್ ಜೆ.ಎಫ್.ಆರ್. ಜೇಕಬ್ ಬಾಗ್ದಾದಿ ಮನೆತನದವರು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು.

ಬೆನೆ ಇಸ್ರಾಯೇಲರ ಮನೆಮಾತು ಮರಾಠಿ. ಊರಿನ ಹೆಸರಿಗೆ 'ಕರ್' ಸೇರಿಸಿ ಅಡ್ಡಹೆಸರು: ದಿವೇಕರ್, ರೋಹೇಕರ್. ಗಾಣದ ಕೆಲಸ ಮಾಡುತ್ತಿದ್ದರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಊರವರು 'ಶನಿವಾರ ತೇಲಿ' ಎಂದು ಕರೆದರು. ಹೀಬ್ರೂ ಮರೆತಿತ್ತು, ಪುಸ್ತಕ ಇರಲಿಲ್ಲ. ಉಳಿದದ್ದು ಶೆಮಾ, ಸುನ್ನತಿ, ಶನಿವಾರ ಮತ್ತು ಊಟದ ನಿಯಮ. ದಾವಿದ್ ರಹಾಬಿ ಎಂಬವನು ಬಂದು ಇವರು ನಿಜವಾಗಿ ಯಹೂದಿಗಳೋ ಎಂದು ಪರೀಕ್ಷೆ ಮಾಡಲು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟನಂತೆ. ಅವರು ಪೊರೆ ಇಲ್ಲದ್ದನ್ನು ಬದಿಗಿಟ್ಟು ಮಿಕ್ಕಿದ್ದನ್ನು ಅಡುಗೆಗೆ ತೆಗೆದುಕೊಂಡರು. ಮಂತ್ರ ಕೇಳಿ ಅಲ್ಲ, ಮೀನು ಆರಿಸಿದ್ದನ್ನು ನೋಡಿ ನಂಬಿದ ಎಂದು ಆ ಸಮುದಾಯದ ಕಥೆ.

ಅವರ ಇನ್ನೊಂದು ಕಥೆ ನಮ್ಮ ನಾಡಿನದು. ಸ್ಯಾಮ್ಯುಯೆಲ್ ದಿವೇಕರ್ ಎಂಬ ಸೈನಿಕ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕ. ಇವರು ಬನಿ ಇಸ್ರಾಯೇಲರು, ಕುರಾನಿನಲ್ಲಿ ಹೆಸರಿರುವವರು ಎಂದು ತಿಳಿದು ಟಿಪ್ಪುವಿನ ತಾಯಿ ಉಳಿಸಿದಳಂತೆ. ಆ ಹರಕೆಗೆ 1796ರಲ್ಲಿ ಮುಂಬೈಯಲ್ಲಿ ಸಿನಗಾಗ್ ಕಟ್ಟಿಸಿದ. ಅದು ಈಗಲೂ ಇದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಒಂದು ಸಣ್ಣ ಯಹೂದಿ ಸ್ಮಶಾನವಿದೆ. ಗೋರಿಯ ಮೇಲೆ ಹೂವಿನ ಬದಲು ಪುಟ್ಟ ಕಲ್ಲು ಇಟ್ಟಿದ್ದರೆ ಯಾರೋ ಬಂದುಹೋಗಿದ್ದಾರೆ ಎಂದು ಅರ್ಥ.

ಸಿನಗಾಗ್ ನೋಡಲು ಹೋಗಬಹುದಾ?

ಹೋಗಬಹುದು. ಗಂಡಸರು ತಲೆಗೆ ಏನಾದರೂ ಹಾಕಿಕೊಳ್ಳಿ, ಕರವಸ್ತ್ರವಾದರೂ ಸಾಕು. ಮೈ ತುಂಬ ಬಟ್ಟೆ ಇರಲಿ. ತೋರಾ ಹೊರಗೆ ತಂದರೆ ಎದ್ದು ನಿಲ್ಲಿ. 1568ರಲ್ಲಿ ಕಟ್ಟಿದ ಮಟ್ಟಂಚೇರಿಯ ಪರದೇಶಿ ಸಿನಗಾಗ್‌ನಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಬೇರೆ ದೇಶದ ಸಿನಗಾಗ್‌ಗಳಲ್ಲಿ ಸಾಮಾನ್ಯವಾಗಿ ಈ ನಿಯಮವಿಲ್ಲ, ಇದು ಕೇರಳದ ನೀರು ಕುಡಿದು ಬಂದದ್ದು. ಶನಿವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.